ಗುಡ್ಡದ ಕೆಂಪು, ಬಾನೆಟ್ಟಿನ ಹೊಳಪು

ಹೊಸಪೇಟೆಯಲ್ಲಿ ಒಂದು ರಾತ್ರಿ ಬಯಲಲ್ಲಿ ನಿಂತ ಕಾರಿನ ಬಾನೆಟ್ಟಿನ ಮೇಲೆ ಬೆಳಿಗ್ಗೆ ಬೆರಳಾಡಿಸಿ ನೋಡಬೇಕು. ತುದಿಗೆ ಹತ್ತುವುದು ಬೇರೆ ಊರುಗಳ ಬೂದು ಧೂಳಲ್ಲ. ಇಟ್ಟಿಗೆಪುಡಿಗಿಂತ ಗಾಢ, ಕುಂಕುಮಕ್ಕಿಂತ ಮಂಕು, ಹೊಸಕಿದರೆ ಬೆರಳಗೆರೆಗಳ ಸಂದಿಗೆ ಇಳಿದು ಸೋಪಿಗೂ ಸುಲಭಕ್ಕೆ ಜಗ್ಗದ ಕೆಂಪು. ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳು ದಾರಿಯುದ್ದಕ್ಕೂ ಉದುರಿಸುತ್ತ ಬಂದದ್ದು.

ಅದೇ ಕೆಂಪು ಟಿಂಕರಿಂಗ್ ಶೆಡ್ಡಿನೊಳಗೆ ಡಬ್ಬಿಯಲ್ಲೂ ಇದೆ. ಮುಚ್ಚಳ ತೆಗೆದು ಕಡ್ಡಿಯಾಡಿಸಿದರೆ ತಳದಿಂದ ಮೇಲೆ ಬರುವ ಮಂದ ಬಣ್ಣಕ್ಕೆ ಪೇಂಟರುಗಳು ಹೇಳುವುದು ‘ರೆಡ್ ಆಕ್ಸೈಡ್’. ಬರಿ ತಗಡಿಗೆ ಮೊದಲು ಬೀಳುವ ಪ್ರೈಮರ್ ಕೋಟು ಅದು. ಮೂಲೆಯಲ್ಲಿ ನಿಂತ ಅಂಬಾಸಿಡರಿನ ಕಾಲಡಿಯ ಮ್ಯಾಟು ಎತ್ತಿದರೆ ಅಲ್ಲೂ ಕೆಂಪು: ನೀರು ಕುಡಿದು ಉಬ್ಬಿದ ತುಕ್ಕು. ನಾಲ್ಕು ಅಂಗಡಿ ಆಚೆ ಬೆಳ್ಳಿ ಬಂಗಾರದ ಕೆಲಸದವರು ಒಡವೆಗೆ ಕೊನೆಯ ಹೊಳಪು ಕೊಡುವ ‘ರೂಜ್’ ಎಂಬ ಪುಡಿಯದೂ ಇದೇ ಬಣ್ಣ. ಬಣ್ಣ ಒಂದೇ ಆಗಿರುವುದು ಕಾಕತಾಳೀಯವಲ್ಲ. ನಾಲ್ಕೂ ಕಬ್ಬಿಣದ ಆಕ್ಸೈಡುಗಳೇ. ಒಂದು ಕಡೆ ಕವಚ, ಒಂದು ಕಡೆ ರೋಗ, ಒಂದು ಕಡೆ ಮೆರುಗು, ಒಂದು ಕಡೆ ಆ ಮೆರುಗನ್ನು ಗೀಚುವ ಧೂಳು. ಹಳೆಯ ಕಾರನ್ನು ಮರಳಿ ಮೊದಲಿನಂತೆ ಮಾಡುವ ಕೆಲಸ ಜಗತ್ತಿನಲ್ಲಿ ಎಲ್ಲಿ ನಡೆದರೂ ಈ ನಾಲ್ಕರ ನಡುವಿನ ಹಗ್ಗಜಗ್ಗಾಟವೇ. ಅದು ಹೊಸಪೇಟೆಯಲ್ಲಿ ಬರಿಗಣ್ಣಿಗೆ ಕಾಣುತ್ತದೆ.

ಸಂಡೂರಿನ ಅದಿರಿನ ಹೆಸರು ಹೆಮಟೈಟ್. ಶುದ್ಧ ಹೆಮಟೈಟಿನ ತೂಕದಲ್ಲಿ ಶೇ 70ರಷ್ಟು ಕಬ್ಬಿಣವೇ, ಉಳಿದದ್ದು ಆಮ್ಲಜನಕ. ಕಬ್ಬಿಣ ಆಗಲೇ ಪೂರ್ತಿ ಆಮ್ಲಜನಕ ಕುಡಿದು ತಣ್ಣಗಾಗಿರುವ ಸ್ಥಿತಿ ಅದು. ಹಾಗಾಗಿಯೇ ಬಿಸಿಲು, ಮಳೆ ಯಾವುದಕ್ಕೂ ಇದರ ಬಣ್ಣ ಹಾರುವುದಿಲ್ಲ. ಹೊಳೆಯಾಚೆ ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಇತಿಹಾಸಪೂರ್ವ ಕಾಲದ ಜನ ಬಿಡಿಸಿಟ್ಟ ಚಿತ್ರಗಳು ಇಂದಿಗೂ ಕಾಣುವುದು ಕೆಮ್ಮಣ್ಣಿನ ಇದೇ ಗುಣದಿಂದ. ಹಳ್ಳಿಯ ಮನೆಗೋಡೆಗೆ ಸುಣ್ಣದ ಕೆಳಗೆ ಬಳಿಯುವ ಕೆಮ್ಮಣ್ಣಿನ ಪಟ್ಟಿ, ಗುಡಿಯ ಪೌಳಿಯ ಬಿಳಿ-ಕೆಂಪು ಗೆರೆ, ಕಾರಿನ ಪ್ರೈಮರು ಎಲ್ಲ ಒಂದೇ ಕುಲದವು. ಡಬ್ಬಿಯೊಳಗಿನ ವರ್ಣಪುಡಿ ಈಗ ಬಹುಮಟ್ಟಿಗೆ ಕಾರ್ಖಾನೆಯಲ್ಲಿ ತಯಾರಾದದ್ದು ಎನ್ನುವುದೊಂದೇ ಫರಕು.

ಈ ಭಾಗದಲ್ಲಿ ಹಳೆಯ ಕಾರು ಎಂದರೆ ಅರಮನೆಯ ರೋಲ್ಸ್ ರಾಯ್ಸ್ ಅಲ್ಲ. ಗುಡ್ಡದ ದಾರಿ ಹತ್ತುತ್ತಿದ್ದ ಮಹೀಂದ್ರಾ ಜೀಪು, ಮದುವೆ ದಿಬ್ಬಣಕ್ಕೂ ಚುನಾವಣೆ ಪ್ರಚಾರಕ್ಕೂ ಒಂದೇ ಗತ್ತಿನಲ್ಲಿ ಹೊರಡುತ್ತಿದ್ದ ಅಂಬಾಸಿಡರ್, ಸೆಕೆಂಡ್ ಹ್ಯಾಂಡಿಗೂ ಮಾನ ಇದ್ದ ಫಿಯೆಟ್ಟು. ಕೋಲ್ಕತ್ತ ಬಳಿಯ ಉತ್ತರಪಾರಾದಲ್ಲಿ 1950ರ ದಶಕದ ಕೊನೆಗೆ ಹುಟ್ಟಿದ ಅಂಬಾಸಿಡರ್ 2014ರಲ್ಲಿ ನಿಂತಿತು. ಮುಂಬೈಯ ಫಿಯೆಟ್ 1100, ಪ್ರೀಮಿಯರ್ ಪ್ರೆಸಿಡೆಂಟ್ ಆಗಿ, 1974ರ ಹೊತ್ತಿಗೆ ಪದ್ಮಿನಿ ಎಂಬ ಹೆಸರು ಪಡೆಯಿತು. ಈ ಇಸವಿಗಳಿಗೆ ಈಗ ಹೊಸ ಅರ್ಥ ಬಂದಿದೆ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ತಂದ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪ ಕೆಡದ ಕಾರು ಬೈಕುಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ₹20,000, ಹತ್ತು ವರ್ಷದ ನಂತರ ನವೀಕರಣಕ್ಕೆ ₹5,000. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ಪಕ್ಕ ‘ವಿಎ’ ಎಂಬ ಗುರುತು. ಮೊದಲ ಪದ್ಮಿನಿಗಳು ಆ ಐವತ್ತರ ಹೊಸಿಲು ದಾಟಿಬಿಟ್ಟಿವೆ. ನಿನ್ನೆ ಮೊನ್ನೆಯವರೆಗೆ ಗುಜರಿಯವನು ತೂಕಕ್ಕೆ ಕೇಳುತ್ತಿದ್ದ ವಾಹನದ ಬಗ್ಗೆ ಮನೆಯವರೆಲ್ಲ ಒಮ್ಮೆಲೇ ಭಾವುಕರಾಗಲು ಇದೂ ಒಂದು ಕಾರಣ ಇರಬಹುದು.

ಭಾವುಕತೆ ಶೆಡ್ಡಿನ ಬಾಗಿಲವರೆಗೆ ಮಾತ್ರ. ಒಳಗೆ ಮೊದಲು ಹೊರಬರುವುದು ಅಯಸ್ಕಾಂತ. ಗೀರು ಬೀಳದಂತೆ ತೆಳು ಬಟ್ಟೆಯಲ್ಲಿ ಸುತ್ತಿ, ಮಡ್‌ಗಾರ್ಡಿನಿಂದ ಬಾಗಿಲಿಗೆ, ಬಾಗಿಲಿನಿಂದ ಡಿಕ್ಕಿಗೆ ಮೆಲ್ಲಗೆ ಎಳೆಯುತ್ತಾರೆ. ತಗಡು ಇರುವಲ್ಲಿ ಅದು ಬಿಗಿಯಾಗಿ ಅಂಟುತ್ತದೆ. ಎಲ್ಲಿ ಹಿಡಿತ ಸಡಿಲವಾಯಿತೋ ಅಲ್ಲಿ ಬಣ್ಣದಡಿ ಕಬ್ಬಿಣ ಇಲ್ಲ, ಪುಟ್ಟಿ ಇದೆ. ತೆಲುಗು ಮನೆಮಾತಿನ ಮೇಸ್ತ್ರಿಗಳು ಇದಕ್ಕೆ ‘ಲಪ್ಪಂ’ ಎನ್ನುವುದುಂಟು. ಎರಡು ಮೂರು ಮಿಲಿಮೀಟರ್ ದಪ್ಪದವರೆಗೆ ಪುಟ್ಟಿ ಮರ್ಯಾದಸ್ಥ. ಅದಕ್ಕಿಂತ ದಪ್ಪ ಮೆತ್ತಿದರೆ ಎಂಜಿನ್ನಿನ ನಡುಕಕ್ಕೆ, ಬಿಸಿಲಿನ ಹಿಗ್ಗುಕುಗ್ಗಿಗೆ ಬಿರಿಯುತ್ತದೆ, ಬಿರುಕಿನಲ್ಲಿ ನೀರು ಇಳಿಯುತ್ತದೆ. ಹಳೆಯ ಅಂಬಾಸಿಡರಿನ ಬಾಗಿಲ ಕೆಳಗಿನ ಅಂಚಿನಲ್ಲಿ ಅಯಸ್ಕಾಂತ ಜಾರಿ ಕೆಳಗೆ ಬಿದ್ದೇ ಹೋಗುವುದುಂಟು. ಯಾರೋ ಹಿಂದಿನ ಮೇಸ್ತ್ರಿ ತೂತಿಗೆ ತಗಡು ಬೆಸೆಯುವ ಬದಲು ಪುಟ್ಟಿಯಲ್ಲೇ ಬಾಗಿಲು ಕಟ್ಟಿರುತ್ತಾನೆ.

ಇದಾದ ಮೇಲೆ ನಡೆಯುವುದು ಒಂದು ಬಗೆಯ ಉತ್ಖನನ. ಬಾಗಿಲಿನ ಒಂದು ಕಡೆ ರೂಪಾಯಿ ಅಗಲದಷ್ಟು ಜಾಗವನ್ನು ಉಪ್ಪುಕಾಗದದಿಂದ ಇಳಿಜಾರಾಗಿ ಉಜ್ಜುತ್ತ ಹೋದರೆ ಬಣ್ಣದ ಪದರಗಳು ಮರದ ಬಳೆಗಳ ಹಾಗೆ ಒಂದರೊಳಗೊಂದು ಕಾಣುತ್ತವೆ. ಹೊರಗೆ ಬಿಳಿ, ಅದರೊಳಗೆ ಮತ್ತೊಂದು ಬಿಳಿ, ಒಳಗೆ ಯಾರದೋ ಮದುವೆಗೆಂದು ಹೊಡೆಸಿದ ಗಾಢ ನೀಲಿ, ನಡುವೆ ಕಾರ್ಖಾನೆಯಿಂದ ಬಂದ ತಿಳಿ ಹಸಿರು, ಕಟ್ಟಕಡೆಗೆ ಪ್ರೈಮರು. ಮೂಲ ಬಣ್ಣ ಯಾವುದಿತ್ತು ಎಂದು ಖಾತ್ರಿ ಮಾಡಿಕೊಳ್ಳಲು ಇಷ್ಟು ಸಾಲದು, ಏಕೆಂದರೆ ಬಿಸಿಲು ತಿಂದ ಬಣ್ಣ ಸುಳ್ಳು ಹೇಳುತ್ತದೆ. ಡ್ಯಾಶ್‌ಬೋರ್ಡಿನ ಹಿಂಬದಿ, ಸ್ಟೆಪ್ನಿ ಕೂರುವ ಗುಂಡಿ, ಬಾಗಿಲ ರಬ್ಬರಿನ ಅಡಿ, ಎಂಜಿನ್ ಕೋಣೆಯ ತಗಡು ಬಿಲ್ಲೆಯ ಕೆಳಗೆ ಹುಡುಕಬೇಕು. ಮಳೆ ಬಿಸಿಲು ತಾಗದ ಅಂಥ ಸಂದಿಯಲ್ಲಿ ಐವತ್ತು ವರ್ಷದ ಹಿಂದಿನ ಬಣ್ಣ ಇದ್ದ ಹಾಗೇ ಇರುತ್ತದೆ.

ಹೊಸಪೇಟೆಯಿಂದ ಹದಿಮೂರು ಕಿಲೋಮೀಟರ್ ಆಚೆ ಹಂಪಿಯಲ್ಲಿ ಇದಕ್ಕೊಂದು ದೊಡ್ಡ ಉದಾಹರಣೆ ನಿಂತಿದೆ. 2017ರಲ್ಲಿ ಬಂದ ಐವತ್ತು ರೂಪಾಯಿ ನೋಟಿನ ಬೆನ್ನ ಮೇಲೆ ಎಲ್ಲರೂ ನೋಡಿರುವ ವಿಠ್ಠಲ ದೇವಾಲಯದ ಕಲ್ಲಿನ ರಥ. ಈಗ ಬರಿ ಗ್ರಾನೈಟ್ ಕಲ್ಲಿನ ಬಣ್ಣ ಅದಕ್ಕೆ. ಒಂದು ಕಾಲಕ್ಕೆ ಅದೂ ಬಣ್ಣ ಬಳಿಸಿಕೊಂಡಿತ್ತು. ಮೇಲ್ಭಾಗದ್ದೆಲ್ಲ ಮಳೆಗೆ ತೊಳೆದುಹೋಯಿತು. ರಥದ ಅಡಿಭಾಗದಲ್ಲಿ, ಗಾಳಿ ಮಳೆ ನೇರ ಹೊಡೆಯದ ಕಡೆ, ಬಣ್ಣದ ಕುರುಹು ಉಳಿದಿದೆ. ಚಾಸಿಯಡಿ ಬಗ್ಗಿ ನೋಡುವ ಪೇಂಟರಿಗೆ ಇದು ಆಶ್ಚರ್ಯದ ಸಂಗತಿಯೇ ಅಲ್ಲ.

ಹಳೆಯ ಬಣ್ಣ ಕಿತ್ತು, ಸೊಟ್ಟ ಬಡಿದು, ಕೊಳೆತ ತಗಡು ಕತ್ತರಿಸಿ ಹೊಸದನ್ನು ಬೆಸೆದ ಮೇಲೆ ಬರಿ ಉಕ್ಕು ಹೊರಬರುತ್ತದೆ. ಈ ಕೆಲಸದಲ್ಲಿ ಕಾರು ಅತ್ಯಂತ ನಿಸ್ಸಹಾಯಕವಾಗಿರುವ ಹೊತ್ತು ಅದು. ಬೆವರಿದ ಅಂಗೈ ಊರಿದರೂ ಸಾಕು, ಮರುದಿನ ಬೆಳಿಗ್ಗೆ ಐದು ಬೆರಳಿನ ಆಕಾರದಲ್ಲೇ ತುಕ್ಕು ಎದ್ದಿರುತ್ತದೆ. ಬೆವರಿನ ಉಪ್ಪಿನ ಕರಾಮತ್ತು. ಅದಕ್ಕೇ ತಗಡು ಬೆತ್ತಲಾದ ದಿನವೇ ಪ್ರೈಮರು ಬೀಳಬೇಕು.

ನಮ್ಮ ಕಡೆ ಎಲ್ಲರೂ ಮಾಡುವ ತಪ್ಪೊಂದು ಇದಾದ ನಂತರ ಶುರುವಾಗುತ್ತದೆ. ರೆಡ್ ಆಕ್ಸೈಡ್ ಹೊಡೆದಾಯಿತಲ್ಲ, ಇನ್ನೇನು ಭಯ ಎಂದು ಕಾರನ್ನು ಹಿತ್ತಲಲ್ಲಿ ನಿಲ್ಲಿಸಿಬಿಡುತ್ತಾರೆ. ದುಡ್ಡು ಹೊಂದಿಸಲು ಒಂದು ಮಳೆಗಾಲ ಕಳೆಯುತ್ತದೆ. ಸಾದಾ ರೆಡ್ ಆಕ್ಸೈಡ್ ಪದರ ಬಟ್ಟೆಯಂತೆ; ಮುಚ್ಚುತ್ತದೆ, ಆದರೆ ತೇವ ಒಳಗೆ ಸೋಸುತ್ತದೆ. ಮೇಲೆ ಬಣ್ಣ ಬಿದ್ದರೆ ಮಾತ್ರ ಅದು ಪೂರ್ತಿ ಕವಚ. ದಸರೆಗೆ ತೆಗೆದು ನೋಡಿದರೆ ಹೊರಗಿನ ಕೆಂಪು ಹಾಗೇ ಇರುತ್ತದೆ, ಒಳಗೆ ಬೇರೆಯೇ ಕೆಂಪು ಹುಟ್ಟಿರುತ್ತದೆ. ತುಕ್ಕಿನ ದುಷ್ಟತನ ಅದರ ಗಾತ್ರದಲ್ಲಿದೆ. ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುವ ಅದು ಬಣ್ಣವನ್ನು ಒಳಗಿನಿಂದ ಗುಳ್ಳೆಯಾಗಿ ಎತ್ತುತ್ತದೆ. ಕಂಪ್ಲಿ ಕಡೆಯ ಗದ್ದೆ ದಾರಿಯಲ್ಲಿ ಓಡಾಡಿದ ಗಾಡಿಗಳಿಗೆ ಈ ಕಾಟ ಹೆಚ್ಚು. ಚಕ್ರದ ಕಮಾನಿನೊಳಗೆ ಮೆತ್ತಿದ ಕೆಸರು ತಿಂಗಳುಗಟ್ಟಲೆ ಹಸಿ ಬಟ್ಟೆಯ ಹಾಗೆ ತಗಡಿಗೆ ಅಂಟಿ ಕೂತಿರುತ್ತದೆ. ಈಗಿನ ಬಲ್ಲವರು ಬರಿ ತಗಡಿಗೆ ಎಪಾಕ್ಸಿ ಪ್ರೈಮರ್ ಹೊಡೆಯುವುದು ಇದಕ್ಕಾಗಿಯೇ; ಅದು ತೇವವನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಹಿಂದೆ ಸೇತುವೆ, ಹಡಗುಗಳಿಗೆ ಬಳಿಯುತ್ತಿದ್ದ ಸೀಸದ ಸಿಂಧೂರವೂ ಗಟ್ಟಿ ಕಾವಲುಗಾರನಾಗಿತ್ತು. ಆದರೆ ಅದನ್ನು ಉಜ್ಜಿದವನ ಮೈಗೆ ಸೀಸ ಸೇರುತ್ತಿತ್ತು.

ಬಣ್ಣದ ವಿಷಯಕ್ಕೆ ಬಂದರೆ ಕರ್ನಾಟಕದ ಯಾವ ಗ್ಯಾರೇಜಿನಲ್ಲೂ ‘ಡ್ಯೂಕೋ’ ಎಂಬ ಮಾತು ಕಿವಿಗೆ ಬೀಳದೆ ಇರದು. ಮರದ ಬಾಗಿಲಿಗೆ ನುಣ್ಣಗೆ ಸ್ಪ್ರೇ ಹೊಡೆದರೂ ಡ್ಯೂಕೋ, ಕಬ್ಬಿಣದ ಬೀರುವಿಗೆ ಹೊಡೆದರೂ ಡ್ಯೂಕೋ. ಅಸಲಿಗೆ ಅದು ಅಮೆರಿಕದ ಡ್ಯೂಪಾಂಟ್ ಕಂಪನಿಯ ಒಂದು ಬಣ್ಣದ ವ್ಯಾಪಾರಿ ಹೆಸರು. ಅದಕ್ಕೆ ಮೊದಲು ಕಾರಿಗೆ ಕುದುರೆಗಾಡಿಯ ರೀತಿಯಲ್ಲೇ ಎಣ್ಣೆ ವಾರ್ನಿಶನ್ನು ಕುಂಚದಲ್ಲಿ ಪದರ ಪದರವಾಗಿ ಬಳಿದು, ಉಜ್ಜಿ, ಒಣಗಿಸಿ, ಮತ್ತೆ ಬಳಿಯುತ್ತಿದ್ದರು. ಒಂದು ಕಾರಿಗೆ ವಾರಗಟ್ಟಲೆ ಹಿಡಿಯುತ್ತಿತ್ತು. ಹೆನ್ರಿ ಫೋರ್ಡ್ ತನ್ನ ಮಾಡೆಲ್ ಟಿ ಕಾರನ್ನು 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಷ್ಟೇ ಮಾರಿದ. ಬೇಗ ಮುಗಿಯುವ, ಅಗ್ಗದ, ಗಟ್ಟಿ ಬಣ್ಣ ಅದಾಗಿತ್ತು. ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿದ ಸೆಲ್ಯುಲೋಸಿನಿಂದ ಹುಟ್ಟಿದ ಡ್ಯೂಕೋ 1923-24ರಲ್ಲಿ ಜನರಲ್ ಮೋಟಾರ್ಸಿನ ಓಕ್‌ಲ್ಯಾಂಡ್ ಕಾರುಗಳ ಮೇಲೆ ನೀಲಿಯಾಗಿ ಬಂದಾಗ ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಒಂದು ಬ್ರ್ಯಾಂಡಿನ ಹೆಸರು ನೂರು ವರ್ಷ ದಾಟಿ ಹೊಸಪೇಟೆಯ ಶೆಡ್ಡಿನಲ್ಲಿ ಕ್ರಿಯಾಪದವಾಗಿ ಬದುಕಿರುವುದು ಸಣ್ಣ ಮಾತಲ್ಲ: ‘ಡ್ಯೂಕೋ ಮಾಡಿಸಿದೀನಿ’ ಎಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ.

ಈ ಊರಿನ ಹವೆಗೂ ಸೆಲ್ಯುಲೋಸ್ ಬಣ್ಣಕ್ಕೂ ಹಳೆಯ ಹಗೆತನ. ಏಪ್ರಿಲ್ ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿ ಮುಟ್ಟಿದಾಗ, ಗನ್ನಿನಿಂದ ಹೊರಟ ಹನಿ ತಗಡು ತಲುಪುವ ಮೊದಲೇ ಅರ್ಧ ಒಣಗಿರುತ್ತದೆ. ಹನಿಗಳು ಒಂದಕ್ಕೊಂದು ಬೆರೆತು ಸಪಾಟಾಗಲು ಪುರಸೊತ್ತು ಸಿಗದೆ ಮೇಲ್ಮೈ ಕಿತ್ತಳೆ ಸಿಪ್ಪೆಯಂತಾಗುತ್ತದೆ. ಮಳೆಗಾಲದಲ್ಲಿ ಇನ್ನೊಂದು ತಾಪತ್ರಯ. ಥಿನ್ನರ್ ಆರುವಾಗ ತಗಡಿನ ಶಾಖ ಹೀರಿಕೊಳ್ಳುತ್ತದೆ, ತಣ್ಣಗಾದ ಮೇಲ್ಮೈ ಮೇಲೆ ಗಾಳಿಯ ತೇವ ಇಬ್ಬನಿಯಾಗಿ ಕೂರುತ್ತದೆ, ಕಪ್ಪು ಕಾರಿನ ಮೇಲೆ ಮಜ್ಜಿಗೆ ಚೆಲ್ಲಿದಂತೆ ಬಿಳಿ ಮಬ್ಬು ಹರಡುತ್ತದೆ. ನಿಧಾನ ಆರುವ ಥಿನ್ನರ್ ಬೆರೆಸಿ ಎರಡನ್ನೂ ಒಂದಿಷ್ಟು ಸಂಭಾಳಿಸಬಹುದು. ಇನ್ನುಳಿದದ್ದು ಹೊತ್ತು ನೋಡುವ ಕಲೆ: ಬೇಸಿಗೆಯಲ್ಲಿ ಬೆಳಗಿನ ಜಾವ, ಮಳೆಗಾಲದಲ್ಲಿ ಬಿಸಿಲು ಬಿದ್ದ ನಡುಹಗಲು. ಹೊಡೆಯುವ ಮೊದಲು ಶೆಡ್ಡಿನ ನೆಲಕ್ಕೆ ಬಕೆಟ್ಟಿನಿಂದ ನೀರು ಚಿಮುಕಿಸುತ್ತಾರೆ, ಅಂಗಳಕ್ಕೆ ರಂಗೋಲಿಗೆ ಮುಂಚೆ ಚಿಮುಕಿಸುವ ಹಾಗೆಯೇ. ಕೆಂಪು ಧೂಳು ನೆಲಕ್ಕೆ ಕಚ್ಚಿಕೊಳ್ಳಲಿ, ಹಸಿ ಬಣ್ಣದ ಮೇಲೆ ಹಾರಿ ಕೂರದಿರಲಿ ಎಂದು. ದೊಡ್ಡ ಊರುಗಳ ಶೋರೂಮಿನ ಗಾಳಿಬಿಗಿ ಪೇಂಟ್ ಬೂತು ಮಾಡುವ ಕೆಲಸವನ್ನು ಇಲ್ಲಿ ಒಂದು ಕೊಡ ನೀರು ಮುಕ್ಕಾಲು ಪಾಲು ಮಾಡಿಬಿಡುತ್ತದೆ.

ಈಚೆಗೆ ಗಟ್ಟಿಕಾರಕ ಬೆರೆಸಿ ಹೊಡೆಯುವ ಪಿಯು (ಪಾಲಿಯುರೆಥೇನ್) ಬಣ್ಣ ಸೆಲ್ಯುಲೋಸನ್ನು ಹಿಂದಕ್ಕೆ ತಳ್ಳಿದೆ. ಹೆಚ್ಚು ಗಟ್ಟಿ, ಹೆಚ್ಚು ಹೊಳಪು. ಆ ಗಟ್ಟಿಕಾರಕದಲ್ಲಿರುವ ಐಸೊಸಯನೇಟ್ ಉಸಿರಿಗೆ ಸೇರಿದರೆ ಜೀವನಪೂರ್ತಿ ದಮ್ಮು ಅಂಟಬಹುದು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಅದನ್ನು ಹೊಡೆಯುವುದು ಧೈರ್ಯವಲ್ಲ, ಕರವಸ್ತ್ರ ಅದನ್ನು ತಡೆಯುವುದೂ ಇಲ್ಲ.

ಗನ್ ಹಿಡಿದವನಿಗೆ ಹೆಸರು ಬರುತ್ತದೆ. ಕಾರಿನ ಅಂದ ತೀರ್ಮಾನವಾಗುವುದು ಮಾತ್ರ ಉಜ್ಜುವವನ ಕೈಯಲ್ಲಿ.

ಪದ್ಮಿನಿಯ ಒಂದು ಬಾಗಿಲನ್ನು ಎರಡು ಸ್ಟೂಲಿನ ಮೇಲೆ ಮಲಗಿಸಿದ್ದಾರೆ ಎಂದುಕೊಳ್ಳಿ. ಬೂದು ಪ್ರೈಮರ್ ಒಣಗಿದೆ. ಅದರ ಮೇಲೆ ಕಪ್ಪು ಬಣ್ಣವನ್ನು ದೂರದಿಂದ ಮಂಜಿನಂತೆ ಒಮ್ಮೆ ಹಾರಿಸುತ್ತಾರೆ. ಇದು ‘ಗೈಡ್ ಕೋಟ್’. ಬಾಗಿಲಿಗೆ ಮೈಲಿ ಎದ್ದಂತೆ ಕಾಣುತ್ತದೆ. ಹುಡುಗ ರಬ್ಬರ್ ತುಂಡಿಗೆ 400 ನಂಬರಿನ ವಾಟರ್ ಪೇಪರ್ ಸುತ್ತಿ, ಸೋಪು ನೀರಲ್ಲಿ ಅದ್ದಿ, ಓರೆಯಾಗಿ ಒಂದು ದಿಕ್ಕಿಗೆ, ಮತ್ತೆ ಅದಕ್ಕೆ ಅಡ್ಡವಾಗಿ ಇನ್ನೊಂದು ದಿಕ್ಕಿಗೆ ಎಳೆಯುತ್ತಾನೆ. ಬೂದು ಹಾಲು ಕೆಳಗೆ ಸೋರುತ್ತದೆ. ಹತ್ತು ನಿಮಿಷಕ್ಕೆ ಕಪ್ಪೆಲ್ಲ ಹೋಗಿ, ಹ್ಯಾಂಡಲಿನ ಕೆಳಗೆ ಒಂದು ಎಲೆಯಷ್ಟು ಕಪ್ಪು ಉಳಿಯುತ್ತದೆ. ಅಲ್ಲಿ ತಗ್ಗಿದೆ ಎಂದು ಅರ್ಥ. ಕಣ್ಣಿಗೆ ಅದು ಎಷ್ಟು ಮಾಡಿದರೂ ಕಾಣುತ್ತಿರಲಿಲ್ಲ. ಹಿರಿಯ ಮೇಸ್ತ್ರಿ ಬಂದು ಅಂಗೈ ಕೆಳಗೆ ತೆಳು ಬಟ್ಟೆ ಇಟ್ಟು ಬಾಗಿಲ ಉದ್ದಕ್ಕೂ ಒಮ್ಮೆ ಸವರುತ್ತಾನೆ; ಬಟ್ಟೆ ಇದ್ದರೆ ಚರ್ಮ ತೊಡಕದೆ ಉಬ್ಬುತಗ್ಗು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಎಲೆಯಷ್ಟು ಜಾಗಕ್ಕೆ ಮತ್ತೆ ಪುಟ್ಟಿ, ಮತ್ತೆ ಪ್ರೈಮರ್, ಮತ್ತೆ ಮೈಲಿ, ಮತ್ತೆ ಸೋಪು ನೀರು. ಒಂದು ಬಾಗಿಲಿಗೆ ಇದು ನಾಲ್ಕು ಸಲ ಆದರೂ ಯಾರೂ ಬೇಸರಪಡುವುದಿಲ್ಲ. ಬೇಸರಪಡುವವರು ಈ ಕೆಲಸದಲ್ಲಿ ಉಳಿಯುವುದಿಲ್ಲ.

ಮೇಲುಬಣ್ಣ ಬಿದ್ದು ಗಟ್ಟಿಯಾದ ಮೇಲೆ ಕಾಗದದ ನಂಬರು ಏರುತ್ತದೆ: 1000, 1500, 2000. ಹೊಳೆಯುತ್ತಿದ್ದ ಕಾರು ಈ ಹಂತದಲ್ಲಿ ಸ್ಲೇಟಿನಂತೆ ಮಂಕಾಗಿ, ನೋಡಲು ಬಂದ ಮಾಲೀಕನ ಎದೆ ಧಸಕ್ಕೆನ್ನುತ್ತದೆ. ಇನ್ನು ಕಾಂಪೌಂಡು, ಉಣ್ಣೆಯ ಪ್ಯಾಡು, ಬಫಿಂಗ್ ಮಿಷನ್ನು. ಒಳಗೆ ನಡೆಯುವುದು ಸರಳ. ಹೊಳಪು ಎಂದರೆ ಗೀರು ಇಲ್ಲದಿರುವುದಲ್ಲ, ಗೀರುಗಳು ಬೆಳಕಿನ ಕಣ್ಣಿಗೆ ಬೀಳದಷ್ಟು ಸಣ್ಣವಾಗುವುದು. ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ 0.4ರಿಂದ 0.7 ಮೈಕ್ರಾನ್. ಗೀರು ಅದಕ್ಕಿಂತ ಚಿಕ್ಕದಾದರೆ ಬೆಳಕು ಚದುರದೆ ಕನ್ನಡಿಯಂತೆ ಮರಳುತ್ತದೆ. ಅಕ್ಕಸಾಲಿಗನ ರೂಜೂ ಬಾನೆಟ್ಟಿನ ಮೇಲಿನ ಸಂಡೂರಿನ ಧೂಳೂ ಒಂದೇ ಆಕ್ಸೈಡಾದರೂ ಒಂದು ಮಿಂಚಿಸುತ್ತದೆ, ಇನ್ನೊಂದು ಗೀಚುತ್ತದೆ. ಕಾರಣ ಇಷ್ಟೇ: ರೂಜಿನ ಕಣ ಬಲು ನುಣುಪು, ರಸ್ತೆಯ ಕಣ ಅದಕ್ಕಿಂತ ಎಷ್ಟೋ ದಪ್ಪ. ಜೊತೆಗೆ ಸಂಡೂರಿನ ಬಂಡೆಯಲ್ಲಿ ಹೆಮಟೈಟಿನ ಪಟ್ಟಿಗಳ ನಡುವೆ ಜಾಸ್ಪರ್ ಎಂಬ ಬೆಣಚಿನ ಪಟ್ಟಿಗಳೂ ಇವೆ. ಬೆಣಚು ಗಾಜನ್ನೇ ಕೊರೆಯುವ ಗಟ್ಟಿ. ಬಣ್ಣದ ಪಾಡೇನು?

ಎಲ್ಲ ಪದರ ಸೇರಿ ಬಣ್ಣದ ದಪ್ಪ 100ರಿಂದ 150 ಮೈಕ್ರಾನ್, ಹೆಚ್ಚೆಂದರೆ ಎರಡು ಕೂದಲೆಳೆ. ಪ್ರತಿ ಬಫಿಂಗೂ ಅದರಲ್ಲಿ ಒಂದಿಷ್ಟನ್ನು ತಿನ್ನುತ್ತದೆ. ಬಾನೆಟ್ಟಿನ ಮಡಿಕೆ, ಬಾಗಿಲ ಅಂಚುಗಳಲ್ಲಿ ಬಣ್ಣ ಮೊದಲೇ ತೆಳು. ಮಿಷನ್ನು ಅರೆಕ್ಷಣ ಹೆಚ್ಚು ನಿಂತರೆ ಕೆಳಗಿನ ಪ್ರೈಮರ್ ಇಣುಕಿಬಿಡುತ್ತದೆ. ಅನುಭವಸ್ಥರು ಅಂಚುಗಳಿಗೆ ಟೇಪು ಹಚ್ಚಿ, ಕೊನೆಗೆ ಅದನ್ನು ಕಿತ್ತು ಕೈಯಲ್ಲೇ ಉಜ್ಜುವುದು ಅದಕ್ಕೆ.

ಬಿಡಿಭಾಗಗಳದ್ದೇ ಬೇರೆ ಲೋಕ. ಹೆಡ್‌ಲೈಟಿನ ಬಳೆ, ಬಂಪರು, ಗ್ರಿಲ್ಲು, ಬಾಗಿಲ ಹಿಡಿ, ಹಾರ್ನಿನ ಮುಚ್ಚಳ. ಪೆಟ್ಟಿಗೆ ತುಂಬ ಬಂದ ಇವನ್ನು ಮೊದಲು ಲೋಹದ ಜಾತಿವಾರು ವಿಂಗಡಿಸಬೇಕು. ಎಲ್ಲ ಬೆಳ್ಳಗೆ ಹೊಳೆಯುತ್ತವೆಂದು ಒಂದೇ ಮದ್ದು ಹಚ್ಚಿದರೆ ಕೆಟ್ಟಿತು. ಬಂಪರು ಉಕ್ಕಿನದು, ಮೇಲೆ ತಾಮ್ರ, ನಿಕ್ಕಲ್, ಅದರ ಮೇಲೆ ಒಂದು ಮೈಕ್ರಾನಿಗಿಂತಲೂ ತೆಳು ಕ್ರೋಮ್. ಕಣ್ಣು ಕುಕ್ಕುವ ಹೊಳಪೆಲ್ಲ ಕ್ರೋಮಿನದೆಂದು ನಾವು ಅಂದುಕೊಂಡರೂ ಮೈಕಟ್ಟು ನಿಕ್ಕಲ್ಲಿನದು. ಕ್ರೋಮ್ ಬರಿ ಮಂಕಾಗದ ಹೊದಿಕೆ. ಕಿಟಕಿಯ ಸುತ್ತಿನ ಪಟ್ಟಿ ಸ್ಟೀಲೋ ಅಲ್ಯುಮಿನಿಯಮ್ಮೋ ಆಗಿದ್ದರೆ ಉಜ್ಜಿದರೆ ಸಾಕು. ಸತುವಿನ ಎರಕದ ಬಾಗಿಲ ಹಿಡಿಗಳು ಮಾತ್ರ ದುರ್ದೈವಿಗಳು. ಒಳಗಿನಿಂದಲೇ ಗುಳ್ಳೆ ಎದ್ದು, ಸಾಣೆ ಹಿಡಿದಷ್ಟೂ ಹೊಸ ಕುಳಿ ತೆರೆಯುತ್ತದೆ. ಕ್ರೋಮ್ ತೊಟ್ಟಿಯ ಆಮ್ಲದಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಆ ಕೆಲಸವನ್ನು ಸಣ್ಣ ಗ್ಯಾರೇಜು ತಾನೇ ಮಾಡಿಕೊಳ್ಳುವಂತಿಲ್ಲ. ತಕ್ಕ ವ್ಯವಸ್ಥೆ ಇರುವ ಕಾರ್ಖಾನೆಗೇ ಕಳಿಸಬೇಕು. ಕ್ರೋಮ್ ಮೇಲಿನ ಸಣ್ಣ ತುಕ್ಕಿನ ಚುಕ್ಕೆಗೆ ಅಷ್ಟು ದೂರ ಹೋಗಬೇಕಿಲ್ಲ. ರೊಟ್ಟಿ ಸುತ್ತುವ ಅಲ್ಯುಮಿನಿಯಂ ಫಾಯಿಲನ್ನು ಮುದ್ದೆ ಮಾಡಿ ನೀರಲ್ಲಿ ಅದ್ದಿ ತಿಕ್ಕಿದರೆ ಚುಕ್ಕೆ ಹೋಗುತ್ತದೆ. ಕ್ರೋಮಿಗಿಂತ ಮೆತ್ತಗಿರುವ ಅಲ್ಯುಮಿನಿಯಂ ಅದನ್ನು ಗೀಚುವುದಿಲ್ಲ.

ಹಿತ್ತಾಳೆಗೆ ಅಡುಗೆಮನೆಯೇ ಸಾಕು. ಹಬ್ಬದ ಹಿಂದಿನ ದಿನ ಕೊಡ, ತಪ್ಪಲೆ, ಸಮೆ ಬೆಳಗುವುದು ಹುಣಸೆಹಣ್ಣಿನಲ್ಲಿ ಅಲ್ಲವೇ? ಅದರ ಟಾರ್ಟಾರಿಕ್ ಆಮ್ಲ ಕಿಲುಬನ್ನು ಕರಗಿಸುತ್ತದೆ, ಅಡಿಯ ಲೋಹ ಹೊಳೆಯುತ್ತದೆ. ರಬ್ಬರ್ ಬುರುಡೆಯ ಹಳೆಯ ಭೋಂಪು ಹಾರ್ನಿಗೂ ಅದೇ ಸೂತ್ರ. ತಿಕ್ಕಲು ಬೂದಿ ಬೇಕು. ಆ ಬೂದಿಯಲ್ಲಿ ಭತ್ತದ ಹೊಟ್ಟಿನದಕ್ಕೆ ಮೊದಲ ಮಣೆ. ಕಂಪ್ಲಿ, ಗಂಗಾವತಿ ಸೀಮೆಯ ರೈಸ್ ಮಿಲ್ಲುಗಳಲ್ಲಿ ಅದಕ್ಕೇನು ಬರ? ಹೊಟ್ಟನ್ನು ಸುಟ್ಟರೆ ತೂಕದ ಐದನೇ ಒಂದು ಪಾಲು ಬೂದಿ ಉಳಿಯುತ್ತದೆ, ಆ ಬೂದಿಯ ಬಹುಪಾಲು ಸಿಲಿಕಾ. ಭತ್ತದ ಗಿಡ ನೆಲದಿಂದ ಹೀರಿ ಹೊಟ್ಟಿನಲ್ಲಿ ಕೂಡಿಟ್ಟ ಮರಳು ಎನ್ನಬಹುದು. ಹಲ್ಲುಜ್ಜಲು, ಪಾತ್ರೆ ಬೆಳಗಲು ಅಜ್ಜಿಯರು ಬಳಸಿದ ಈ ಪುಡಿ ಪಾಲಿಶಿನ ಅಂಗಡಿಗೆ ಬಂದರೆ ‘ಅಬ್ರೇಸಿವ್’ ಎನ್ನಿಸಿಕೊಳ್ಳುತ್ತದೆ. ಆದರೆ ಹಿತ್ತಾಳೆ ತಡೆದುಕೊಳ್ಳುವುದನ್ನು ಬಣ್ಣ ತಡೆದುಕೊಳ್ಳುವುದಿಲ್ಲ. ಹೊಸ ಬಾನೆಟ್ಟಿಗೆ ಹೊಟ್ಟಿನ ಬೂದಿ ತಾಗಿಸಿದವರು ಪಶ್ಚಾತ್ತಾಪ ಪಟ್ಟಾರು.

ಎಷ್ಟು ಹೊಳೆಯಬೇಕು ಎಂಬುದು ಜಗಳದ ವಿಷಯ. ಉತ್ತರಪಾರಾದಿಂದ ಹೊರಟ ಯಾವ ಅಂಬಾಸಿಡರೂ ಇಂದಿನ ರಿಸ್ಟೋರೇಶನ್ ಕಾರುಗಳಷ್ಟು ಮಿಂಚುತ್ತಿರಲಿಲ್ಲ. ಬಾಗಿಲ ಸಂದುಗಳು ಸೊಟ್ಟ, ಬಣ್ಣದಲ್ಲಿ ಕಿತ್ತಳೆ ಸಿಪ್ಪೆ. ಹಾಗೆಯೇ ಮಾರಿದರು, ಹಾಗೆಯೇ ಕೊಂಡೆವು. ಈಗ ಅದಕ್ಕೆ ಗಾಜಿನಂಥ ಕ್ಲಿಯರ್ ಕೋಟ್ ಹೊಡೆದು, ಮೂಲದಲ್ಲಿ ಇಲ್ಲದ ಮೆಟಾಲಿಕ್ ಕೆಂಪು ಬಳಿದರೆ ಅದು ಅಂಬಾಸಿಡರಿನ ವೇಷ ಹಾಕಿದ ಇನ್ನೇನೋ. ಬಣ್ಣ ಬದಲಾದರೆ ಆರ್‌ಸಿಯಲ್ಲೂ ತಿದ್ದಿಸಬೇಕು, ವಿಂಟೇಜ್ ನೋಂದಣಿ ಬೇಕೆಂದರೆ ಮೂಲ ರೂಪದ ಪ್ರಶ್ನೆ ಬೇರೆ.

ಹಂಪಿಯವರಿಗೆ ಈ ಜಗಳ ಹಳೆಯದು. ಸ್ಮಾರಕಗಳ ಜೀರ್ಣೋದ್ಧಾರ ಹೇಗಿರಬೇಕೆಂದು 1964ರ ವೆನಿಸ್ ಸನ್ನದು ಹೇಳಿತು: ಇರುವುದನ್ನು ಉಳಿಸು, ಊಹೆಯಿಂದ ಸೇರಿಸಬೇಡ, ಹೊಸದು ಸೇರಿಸಿದರೆ ಅದು ಹೊಸದೆಂದು ಗೊತ್ತಾಗಲಿ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದಿಗೆ ಮೇಲ್ಪಂಕ್ತಿಯೇ ಆ ವೆನಿಸ್ ಸನ್ನದು. ಅಂದರೆ ಕಲ್ಲಿನ ರಥಕ್ಕೂ ಹಿತ್ತಲ ಪದ್ಮಿನಿಗೂ ಈಗ ಒಂದೇ ಕುಲಾಚಾರ. ರಥದ ಮುಂದೆ ಈಗಿರುವ ಆನೆಗಳು ಮೊದಲಿನವಲ್ಲ, ಅಲ್ಲಿ ಕುದುರೆಗಳಿದ್ದವು. ಆನೆಗಳ ಹಿಂದೆ ಇಣುಕಿದರೆ ಕುದುರೆಯ ಬಾಲ, ಹಿಂಗಾಲಿನ ತುಣುಕು ಇನ್ನೂ ಕಾಣುತ್ತವೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೊದಲ್ಲಿ ರಥದ ನೆತ್ತಿಗೆ ಇಟ್ಟಿಗೆ ಗಾರೆಯ ಗೋಪುರವಿದೆ, ಈಗ ಇಲ್ಲ. ಹಾಗಾದರೆ ಮೂಲ ರಥ ಯಾವುದು? ಕುದುರೆಯದೋ, ಆನೆಯದೋ, ಗೋಪುರದ್ದೋ, ಬಣ್ಣದ್ದೋ? ಐದು ಸಲ ಬಣ್ಣ ಬದಲಿಸಿ, ಎರಡು ಸಲ ಎಂಜಿನ್ ಬದಲಿಸಿದ ಕಾರಿನ ಮುಂದೆ ನಿಂತವರೂ ಕೇಳಿಕೊಳ್ಳುವುದು ಇದನ್ನೇ. ಹೊಳಪು ವಿಜಯನಗರದವರಿಗೆ ಬೇಡವಾಗಿತ್ತು ಎಂದೇನಲ್ಲ. ಹಜಾರರಾಮ ದೇವಾಲಯದ ಮಂಟಪದ ನಾಲ್ಕು ಕರಿಕಲ್ಲಿನ ಕಂಬಗಳನ್ನು ಬಿಡಿಸಿ ನುಣುಪು ಮಾಡಿದ ಕೈಗಳು ಯಾವ ಬಫಿಂಗ್ ಮಿಷನ್ನಿಗೂ ಸವಾಲು. ಆದರೆ ಆ ನುಣುಪನ್ನು ಸುತ್ತಲಿನ ಒರಟು ಗ್ರಾನೈಟಿಗೆ ಅವರು ಹಚ್ಚಲು ಹೋಗಲಿಲ್ಲ. ಎಲ್ಲಿ ಮೆರುಗು, ಎಲ್ಲಿ ಉಳಿಯ ಗುರುತು ಎಂಬ ಲೆಕ್ಕ ಅವರಿಗಿತ್ತು.

ರಾಜ್ಯದಲ್ಲಿ ಹಳೆಯ ಕಾರುಗಳನ್ನು ಒಟ್ಟಿಗೆ ನೋಡಬೇಕೆನ್ನುವವರು ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯಕ್ಕೋ ಶ್ರೀರಂಗಪಟ್ಟಣ ಸಮೀಪದ ‘ಪಯಣ’ಕ್ಕೋ ಹೋಗುತ್ತಾರೆ. ಅಲ್ಲಿನ ಕಾರುಗಳು ಸೂರಿನಡಿ ಸುಖವಾಗಿವೆ. ಹೊಸಪೇಟೆಯ ಕಾರಿಗೆ ಆ ಭಾಗ್ಯವಿಲ್ಲ; ಶೆಡ್ಡಿನಿಂದ ಹೊರಬಿದ್ದ ಗಳಿಗೆಯಿಂದಲೇ ಸಂಡೂರಿನ ಧೂಳು ಕಾದಿರುತ್ತದೆ. ಸುಪ್ರೀಂ ಕೋರ್ಟು 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವ ಮುಂಚೆ ರಸ್ತೆ ಬದಿಯ ಬೇವಿನ ಮರಗಳೂ ಕೆಂಪಾಗಿದ್ದವು. ಈಗ ಅಷ್ಟಿಲ್ಲ, ಆದರೂ ಇದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು: ಬೆಣಚಿನ ಕಣಗಳು ಬಟ್ಟೆಯಡಿ ಉರುಳಿ, ಬಿಸಿಲಿಗೆ ಹಿಡಿದಾಗ ಜೇಡರ ಬಲೆಯಂತೆ ಸುತ್ತು ಗೀರುಗಳು ಏಳುತ್ತವೆ. ಮೊದಲು ನೀರು ಹರಿಸಬೇಕು, ಆಮೇಲೆ ಸೋಪು, ಆಮೇಲೆ ಮೆತ್ತನೆಯ ಬಟ್ಟೆ. ಬೋರಿನ ಗಡಸು ನೀರನ್ನು ಕಾರಿನ ಮೇಲೇ ಒಣಗಲು ಬಿಟ್ಟರೆ ಸುಣ್ಣದ ವೃತ್ತಗಳು ಉಳಿಯುತ್ತವೆ; ಹೀಗಾಗಿ ಬಿಸಿಲೇರುವ ಮುಂಚೆ ತೊಳೆದು ಒರೆಸಬೇಕು.

ಪೇಂಟರಿಗೆ ಇದಕ್ಕಿಂತ ದೊಡ್ಡ ಭಯ ಒಂದಿದೆ, ಅದು ಆಯುಧಪೂಜೆ. ದಸರೆಗೆ ಹೇಗಾದರೂ ಕಾರು ಬೇಕು ಎಂದು ಮಾಲೀಕ ಜೀವ ಹಿಂಡಿರುತ್ತಾನೆ, ಮಹಾನವಮಿಯ ಹಿಂದಿನ ದಿನ ಕಾರು ಹೊರಬರುತ್ತದೆ. ಹೊಸ ಬಣ್ಣ ಮುಟ್ಟಿದರೆ ಒಣಗಿದಂತಿರುತ್ತದೆ, ಒಳಗಿನಿಂದ ಥಿನ್ನರ್ ಹೊರಹೋಗಿ ಪೂರ್ತಿ ಗಟ್ಟಿಯಾಗಲು ಒಂದು ತಿಂಗಳು ಬೇಕು. ಅಲ್ಲಿಯವರೆಗೆ ವ್ಯಾಕ್ಸ್ ಕೂಡ ಹಚ್ಚುವುದಿಲ್ಲ. ಆ ಹಸಿ ಬಾನೆಟ್ಟಿನ ಮೇಲೆ ಮನೆಯ ಹಿರಿಯರು ನೀರಲ್ಲಿ ಕಲಸಿದ ವಿಭೂತಿಯಿಂದ ಮೂರು ಬೆರಳು ಎಳೆದು, ನಡುವೆ ಕುಂಕುಮ ಒತ್ತಿ, ಬಿಸಿಲಿಗೆ ಬಿಟ್ಟರೆ ಬಣ್ಣ ಆ ಗುರುತನ್ನು ಮುಂದಿನ ದಸರೆವರೆಗೂ ಬಿಡುವುದಿಲ್ಲ. ಬೇಡ ಎನ್ನುವ ಹಾಗಿಲ್ಲ, ಪೂಜೆ ಪೂಜೆಯೇ. ಹಳಬ ಪೇಂಟರುಗಳು ಇದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ. ಕೀಲಿ ಕೊಡುವಾಗಲೇ ಮುಂದಿನ ಗಾಜನ್ನು ಒಮ್ಮೆ ಚೆನ್ನಾಗಿ ಒರೆಸಿ, ಅದರ ಮೇಲ್ತುದಿ ತೋರಿಸಿ, ‘ಅಣ್ಣಾ, ವಿಭೂತಿ ಕುಂಕುಮ ಇಲ್ಲಿಗೆ, ನಿಂಬೆಹಣ್ಣು ಟಯರಿನಡಿಗೆ, ಕುಂಬಳಕಾಯಿ ದೂರ ಒಡೀರಿ’ ಎನ್ನುತ್ತಾರೆ.